ಮಗುವಿನ ಕಣ್ಣು ಕೆಂಪು, ಆದರೆ ನೋವಿಲ್ಲ

ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದಲ್ಲಿ ಲಾರಿ ಓಡಾಡುವ ರಸ್ತೆಯ ಪಕ್ಕ ಆಡುವ ಮಗುವಿನ ಕಣ್ಣಿಗೆ ದೂಳು ಬಿದ್ದರೆ ಅದು ಅಳುತ್ತದೆ, ಕಣ್ಣುಜ್ಜುತ್ತದೆ, ನೀರು ಸುರಿಸುತ್ತದೆ. ಅಷ್ಟಾದರೆ ಕಣ್ಣು ತನ್ನನ್ನು ತಾನು ಕಾಯುತ್ತಿದೆ ಎಂದರ್ಥ. ಕಣ್ಣು ಕೆಂಪಾಗಿ, ಕರಿಗುಡ್ಡೆಯ ಮೇಲೆ ಬಿಳಿ ಮಸುಕು ಕಂಡರೂ ಮಗು ಸುಮ್ಮನೆ ಆಡಿಕೊಂಡಿದ್ದರೆ ಗಾಬರಿಯಾಗಲೇಬೇಕು.

ಕರಿಗುಡ್ಡೆಯ ಮುಂದಿನ ಪಾರದರ್ಶಕ ಪದರವೇ ಕಾರ್ನಿಯಾ. ಅದರಲ್ಲಿ ರಕ್ತನಾಳಗಳಿಲ್ಲ, ನರದ ಎಳೆಗಳು ಮಾತ್ರ ದಟ್ಟವಾಗಿವೆ. ಮಿದುಳಿನಿಂದ ಹೊರಡುವ ಐದನೇ ನರದ ಈ ಎಳೆಗಳು ನೋವನ್ನು ತಿಳಿಸಿ ರೆಪ್ಪೆ ಮಿಟುಕಿಸುತ್ತವೆ, ಕಣ್ಣೀರು ತರಿಸುತ್ತವೆ, ಮೇಲ್ಪದರದ ಕೋಶಗಳನ್ನು ಪೋಷಿಸುತ್ತವೆ. ನರ ಕೆಟ್ಟರೆ ಸಣ್ಣ ಗೀರೂ ಮಾಯದೆ ಹುಣ್ಣಾಗುತ್ತದೆ, ಕೊನೆಗೆ ತೂತೂ ಬೀಳಬಹುದು. ಕೆಲವು ಮಕ್ಕಳಿಗೆ ಈ ನರದೋಷ ಹುಟ್ಟಿನಿಂದಲೇ ಇರುತ್ತದೆ. ಹರ್ಪಿಸ್ ಸೋಂಕು, ಮಿದುಳಿನ ಗೆಡ್ಡೆಯ ಶಸ್ತ್ರಚಿಕಿತ್ಸೆಯೂ ಕಾರಣವಾಗುತ್ತವೆ.

ಪರೀಕ್ಷೆ ಸರಳ. ಮರಗಟ್ಟಿಸುವ ಹನಿ ಹಾಕುವ ಮೊದಲೇ ವೈದ್ಯರು ಹತ್ತಿಯ ಎಳೆಯನ್ನು ಕಾರ್ನಿಯಾಕ್ಕೆ ತಾಗಿಸಿ ರೆಪ್ಪೆ ಮಿಟುಕುತ್ತದೆಯೇ ನೋಡುತ್ತಾರೆ. ಹಳದಿ ಬಣ್ಣದ ಹನಿ ಹಾಕಿ ನೀಲಿ ಬೆಳಕು ಬಿಟ್ಟರೆ ಹುಣ್ಣು ಹಸಿರಾಗಿ ಹೊಳೆಯುತ್ತದೆ.

ಚಿಕಿತ್ಸೆಯಲ್ಲಿ ಮೊದಲು ಸಂರಕ್ಷಕ ರಾಸಾಯನಿಕವಿಲ್ಲದ ಕೃತಕ ಕಣ್ಣೀರು, ರಾತ್ರಿಗೆ ಮುಲಾಮು. ಹುಣ್ಣು ಮಾಯದಿದ್ದರೆ ರಕ್ತದ ಸೀರಂನಿಂದ ಮಾಡಿದ ಹನಿ, ಬ್ಯಾಂಡೇಜ್ ಲೆನ್ಸ್, ಗರ್ಭಚೀಲದ ಪೊರೆಯ ಹೊದಿಕೆ. ರೆಪ್ಪೆಗಳನ್ನು ಭಾಗಶಃ ಹೊಲಿಯೋಣ ಎಂದಾಗ ತಾಯಂದಿರು ಬೆಚ್ಚುತ್ತಾರೆ. ಆ ಹೊಲಿಗೆಯನ್ನು ಮುಂದೆ ಬಿಚ್ಚಬಹುದು, ಅದು ಕಣ್ಣನ್ನು ಉಳಿಸುತ್ತದೆ. ನರಬೆಳವಣಿಗೆಯ ಪ್ರೋಟೀನಿನಿಂದ ಮಾಡಿದ ಸೆನೆಗರ್ಮಿನ್ ಹನಿಗೆ 2018ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. 2 ವರ್ಷ ದಾಟಿದ ಮಕ್ಕಳಿಗೂ ಹಾಕಬಹುದು: ದಿನಕ್ಕೆ 6 ಸಲ, 8 ವಾರ. ಬೆಲೆ ಮಾತ್ರ ವಿಪರೀತ. ಕಾಲಿನ ನರದ ತುಂಡನ್ನು ಹಣೆಯ ಆರೋಗ್ಯವಂತ ನರಕ್ಕೆ ಜೋಡಿಸಿ ಕಣ್ಣಿಗೆ ತರುವ ಶಸ್ತ್ರಚಿಕಿತ್ಸೆಯೂ ಇದೆ. ಸ್ಪರ್ಶ ಮರಳಲು ತಿಂಗಳುಗಳೇ ಬೇಕು.

ರಾಜ್‌ಕುಮಾರ್, ಪುನೀತ್ ಅವರ ನೇತ್ರದಾನ ಕಂಡ ನಾಡಿನಲ್ಲಿ “ಬೇರೆ ಕಾರ್ನಿಯಾ ಹಾಕಬಾರದೇ?” ಎಂಬ ಪ್ರಶ್ನೆ ಸಹಜ. ನರ ಸತ್ತ ಕಣ್ಣಿಗೆ ಹಾಕಿದ ಕಸಿಯೂ ಹಾಗೆಯೇ ಹುಣ್ಣಾಗುವ ಅಪಾಯ ಹೆಚ್ಚು. ಮೊದಲು ನರದ ದಾರಿ ನೋಡಬೇಕು. ಮಸುಕಿನಿಂದ ಆ ಕಣ್ಣು ಸೋಮಾರಿಯಾಗದಂತೆ ಕನ್ನಡಕ, ಒಳ್ಳೆಯ ಕಣ್ಣಿಗೆ ಪಟ್ಟಿ ಕೂಡ ಬೇಕಾದೀತು.

ಮೆಡಿಕಲ್ ಶಾಪಿನಲ್ಲಿ ಕೇಳಿ ಸ್ಟೀರಾಯ್ಡ್ ಹನಿ ತರಬೇಡಿ, ಸೊಪ್ಪಿನ ರಸ ಹಿಂಡಬೇಡಿ. ನೋವಿಲ್ಲದ ಕೆಂಪು ಕಂಡ ದಿನವೇ ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ ಹೋಗಿ. ಅಲ್ಲಿಂದ ಮುಂದೆ ಕಳಿಸಿದರೆ ಬೆಂಗಳೂರಿನ ಮಿಂಟೊ ಕಣ್ಣಾಸ್ಪತ್ರೆಗೆ ತಡಮಾಡದೆ ಹೊರಡಿ.