ಒಂದೇ ಯೇಸು, ಎರಡು ಚರ್ಚು: ನಾನು ತಿಳಿದುಕೊಂಡದ್ದು



ಪ್ರಥಮ ಪಿಯುಸಿ ಇತಿಹಾಸದಲ್ಲಿ ಮತಸುಧಾರಣೆಯ ಪಾಠವನ್ನು ಕಲಾ ವಿಭಾಗದವರೆಲ್ಲ ಓದಿದ್ದೇವೆ. 1517, ಮಾರ್ಟಿನ್ ಲೂಥರ್, ಪಾಪವಿಮೋಚನಾ ಪತ್ರಗಳ ಮಾರಾಟ, 95 ವಾದಗಳು. ಆ ಪಾಠ ನಡೆಯುವಾಗ ಹಿಂದಿನ ಬೆಂಚಿನಿಂದ ಒಬ್ಬ ಎದ್ದು ನಿಂತು ಕೇಳಿದ: “ಸರ್, ಇಬ್ಬರೂ ಯೇಸುನ್ನ ನಂಬವ್ರ ಅಲ್ರೀ? ಮತ್ಯಾಕ ಬಡದಾಡಿದ್ರು?” ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಕಾರಣ ಹೇಳಿಬಿಡುತ್ತೇನೆ. ನಮ್ಮ ಅಬ್ಬಾ ಮತ್ತು ಚಾಚಾ ಮಾತು ಬಿಟ್ಟು ಮೂರು ವರ್ಷವಾಯಿತು. ಹೊಲ, ಮನೆಯ ಜಗಳವಲ್ಲ. ಒಬ್ಬರು ಒಂದು ಜಮಾತಿನ ಮೌಲಾನಾ ಹೇಳಿದ್ದನ್ನು ಒಪ್ಪುತ್ತಾರೆ, ಇನ್ನೊಬ್ಬರು ಇನ್ನೊಂದು ಜಮಾತಿನವರು ಹೇಳಿದ್ದನ್ನು. ಕಲ್ಮಾ ಒಂದೇ, ಕಿಬ್ಲಾ ಒಂದೇ. ಆದರೂ ಈದ್ ದಿನ ಒಬ್ಬರ ಮನೆಯ ಶೀರ್ ಖುರ್ಮಾ ಇನ್ನೊಬ್ಬರ ಮನೆಗೆ ಹೋಗುವುದಿಲ್ಲ. ಆ ಹುಡುಗ ಕೇಳಿದ ಪ್ರಶ್ನೆ ನಮ್ಮ ಮನೆಯ ಪ್ರಶ್ನೆಯೂ ಆಗಿತ್ತು. ಅದಕ್ಕೇ ಕ್ಯಾಥೋಲಿಕ್ ಮತ್ತು ಪ್ರೊಟೆಸ್ಟೆಂಟ್ ಕ್ರೈಸ್ತರ ಬಗ್ಗೆ ಸರ್ ಕೊಟ್ಟ ಪುಸ್ತಕಗಳನ್ನು ಓದಿದೆ. ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಬೇರೆಯಾಗಿರುವುದು ಯಾವುದರಲ್ಲಿ?

ಇಬ್ಬರೂ ಯೇಸುವನ್ನು ನಂಬುತ್ತಾರೆ, ಇಬ್ಬರೂ ಬೈಬಲ್ ಓದುತ್ತಾರೆ. ಕ್ಯಾಥೋಲಿಕರಿಗೆ ರೋಮಿನ ಪೋಪ್ ಇಡೀ ಸಭೆಯ ಹಿರಿಯರು. ಪ್ರೊಟೆಸ್ಟೆಂಟರಿಗೆ ಪೋಪರ ಅಧಿಕಾರ ಇಲ್ಲ. ಕ್ಯಾಥೋಲಿಕರು ಮಾತೆ ಮರಿಯಳಲ್ಲಿ ಮತ್ತು ಸಂತರಲ್ಲಿ ‘ನಮಗಾಗಿ ಪ್ರಾರ್ಥಿಸಿ’ ಎಂದು ಕೇಳಿಕೊಳ್ಳುತ್ತಾರೆ. ಪ್ರೊಟೆಸ್ಟೆಂಟರು ನೇರವಾಗಿ ದೇವರಲ್ಲೇ ಕೇಳಬೇಕು ಎನ್ನುತ್ತಾರೆ. ನಮ್ಮ ಕಡೆ ಕಾಣುವ ಕ್ಯಾಥೋಲಿಕ್ ಫಾದರ್ ಮದುವೆಯಾಗುವುದಿಲ್ಲ, ಪ್ರೊಟೆಸ್ಟೆಂಟ್ ಪಾಸ್ಟರಿಗೆ ಹೆಂಡತಿ ಮಕ್ಕಳು ಇರುತ್ತಾರೆ. ಕ್ಯಾಥೋಲಿಕ್ ಬೈಬಲ್‌ನಲ್ಲಿ 73 ಪುಸ್ತಕಗಳಿದ್ದರೆ ಪ್ರೊಟೆಸ್ಟೆಂಟ್ ಬೈಬಲ್‌ನಲ್ಲಿ 66. ಭಾನುವಾರ ಚರ್ಚಿಗೆ ಹೋಗುವುದಕ್ಕೆ ಒಬ್ಬರು ‘ಪೂಜೆ’ ಎಂದರೆ ಇನ್ನೊಬ್ಬರು ‘ಆರಾಧನೆ’ ಎನ್ನುತ್ತಾರೆ.

ಹೊರಗಿನವರಾದ ನಮಗೆ ಇವು ಸಣ್ಣವಾಗಿ ಕಾಣಬಹುದು. ನಮ್ಮ ಜಮಾತುಗಳ ವ್ಯತ್ಯಾಸವೂ ಹೊರಗಿನವರಿಗೆ ಹಾಗೇ ಕಾಣುತ್ತದೆ. ಆದರೆ ಇವುಗಳ ಸುತ್ತ ಯುರೋಪಿನಲ್ಲಿ ರಕ್ತ ಹರಿದಿದೆ. 1618ರಿಂದ 1648ರವರೆಗಿನ ಮೂವತ್ತು ವರ್ಷಗಳ ಯುದ್ಧದಲ್ಲಿ ಜರ್ಮನ್ ನಾಡಿನ ಎಷ್ಟೋ ಊರುಗಳು ಹಾಳಾದವು. ನಮ್ಮ ತಂದೆ ತಾಯಿಯರ ಕಾಲದಲ್ಲೂ ಉತ್ತರ ಐರ್ಲೆಂಡಿನಲ್ಲಿ ಈ ಎರಡು ಗುಂಪುಗಳ ನಡುವೆ ಬಾಂಬು, ಬಂದೂಕು ನಡೆದವು. ಅಲ್ಲಿ ರಾಜಕೀಯವೂ ಇತ್ತು, ಆದರೆ ಬೀದಿಗಳು ಹಂಚಿಹೋಗಿದ್ದು ಚರ್ಚಿನ ಹೆಸರಿನಲ್ಲಿ. ಸುಮಾರು 3,500 ಜನ ಸತ್ತ ಮೇಲೆ, 1998ರ ಏಪ್ರಿಲ್‌ನಲ್ಲಿ ಶಾಂತಿ ಒಪ್ಪಂದವಾಯಿತು.

ಮಂಗಳೂರಿನ ಒಂದು ಪುಸ್ತಕ

ಇಷ್ಟೆಲ್ಲ ಓದಿ ಬೇಸರವಾಗಿದ್ದಾಗ ನಮ್ಮ ಕರ್ನಾಟಕದ್ದೇ ಒಂದು ಸಂಗತಿ ಸಿಕ್ಕಿತು.

ಬಾಸೆಲ್ ಮಿಷನ್ ಹೆಸರು ನಮ್ಮ ಭಾಗದಲ್ಲಿ ಹೊಸದಲ್ಲ. ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದ ಈ ಪ್ರೊಟೆಸ್ಟೆಂಟ್ ಸಂಸ್ಥೆ 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ, 1841ರಲ್ಲಿ ನಮ್ಮ ಬೆಟಗೇರಿಗೆ ಬಂತು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಹೊರಟದ್ದು ಈ ಮಿಷನ್ನಿನ ಹೆರ್ಮನ್ ಮೊಗ್ಲಿಂಗ್ ಅವರಿಂದ. ಕಿಟ್ಟೆಲ್ ಅವರ ಕನ್ನಡ ನಿಘಂಟು 1894ರಲ್ಲಿ ಅಚ್ಚಾದದ್ದೂ ಮಂಗಳೂರಿನ ಇವರ ಮುದ್ರಣಾಲಯದಲ್ಲೇ.

ಅದೇ ಮಂಗಳೂರಿಗೆ 1878ರ ಕೊನೆಯಲ್ಲಿ ಕ್ಯಾಥೋಲಿಕ್ ಜೆಸ್ವಿಟ್ ಪಾದ್ರಿಗಳು ಬಂದರು. ಆ ಹೊತ್ತಿನಲ್ಲಿ ಯುರೋಪಿನಲ್ಲಿ ಏನಾಗಿತ್ತು ನೋಡಿ: 1872ರಲ್ಲಿ ಜರ್ಮನಿ ಜೆಸ್ವಿಟರ ವಿರುದ್ಧ ಕಾನೂನು ಮಾಡಿ ಅವರನ್ನು ದೇಶದಿಂದ ಹೊರಗಟ್ಟಿತ್ತು. ಸ್ವಿಟ್ಜರ್‌ಲೆಂಡಿನ ಸಂವಿಧಾನದಲ್ಲೇ ಅವರಿಗೆ ನಿಷೇಧವಿತ್ತು. ಆ ನಿಷೇಧ ತೆಗೆದದ್ದು 1973ರಲ್ಲಿ. ಬಾಸೆಲ್ ಮಿಷನ್ನಿನವರು ಬಂದದ್ದು ಈ ಎರಡು ನಾಡುಗಳಿಂದಲೇ.

ಜೆಸ್ವಿಟರಲ್ಲಿ ಏಂಜಲೊ ಮಾಫೆಯಿ ಎಂಬ ಇಟಾಲಿಯನ್ ಪಾದ್ರಿ ಇದ್ದರು. ಅವರು ಮಂಗಳೂರಿನ ಕ್ಯಾಥೋಲಿಕರ ಮನೆಮಾತಾದ ಕೊಂಕಣಿಯನ್ನು ಕಲಿತು ಅದಕ್ಕೊಂದು ವ್ಯಾಕರಣ, ಒಂದು ನಿಘಂಟು ಬರೆದರು. ವ್ಯಾಕರಣ 1882ರಲ್ಲಿ, ನಿಘಂಟು 1883ರಲ್ಲಿ ಹೊರಬಂತು. ಅಚ್ಚಾದದ್ದು ಎಲ್ಲಿ ಗೊತ್ತೇ? ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ.

ಮಿಷನ್ನಿನವರ ನಾಡುಗಳ ಕಾನೂನು ಜೆಸ್ವಿಟರನ್ನು ನಿಷೇಧಿಸಿದ್ದ ಕಾಲದಲ್ಲಿ ಪ್ರೊಟೆಸ್ಟೆಂಟರ ಅಚ್ಚುಮೊಳೆ ಜೆಸ್ವಿಟ್ ಪಾದ್ರಿಯ ಪುಸ್ತಕವನ್ನು ಜೋಡಿಸಿತು. ಅಚ್ಚು ಹಾಕುವುದು ಅವರಿಗೆ ವ್ಯವಹಾರವೂ ಆಗಿತ್ತು ಎಂದು ನೀವು ಹೇಳಬಹುದು. ನಿಜ. ಹಾಗೆಂದು ಒಬ್ಬರು ಇನ್ನೊಬ್ಬರ ನಂಬಿಕೆ ಸರಿ ಎಂದು ಒಪ್ಪಿದರೆಂದೂ ಅಲ್ಲ. ಆದರೆ ಒಳ್ಳೆಯ ಕೆಲಸ ಕಂಡಾಗ ಬಾಗಿಲು ಮುಚ್ಚಲಿಲ್ಲ. ಕೊಂಕಣಿ ಕಲಿಯುವವರು ಆ ಎರಡು ಪುಸ್ತಕಗಳನ್ನು ಇವತ್ತಿಗೂ ನೆನೆಯುತ್ತಾರೆ.

ಚರ್ಚುಗಳು ಹತ್ತಿರ ಬಂದದ್ದು

ಆಮೇಲೆ ದೊಡ್ಡ ಹೆಜ್ಜೆಗಳೂ ಬಂದವು. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಆಂಗ್ಲಿಕನ್, ಮೆಥಡಿಸ್ಟ್ ಮುಂತಾದ ಹಲವು ಪ್ರೊಟೆಸ್ಟೆಂಟ್ ಸಭೆಗಳು ಕೂಡಿ ಚರ್ಚ್ ಆಫ್ ಸೌತ್ ಇಂಡಿಯಾ ಆಯಿತು. ನಾವು ಸಿ.ಎಸ್.ಐ. ಎನ್ನುವುದು ಇದನ್ನೇ. ನಮ್ಮ ಕಡೆಯ ಬಾಸೆಲ್ ಮಿಷನ್ ಸಭೆಗಳೂ ಮುಂದೆ ಇದರಲ್ಲಿ ಸೇರಿದವು.

ಕ್ಯಾಥೋಲಿಕರ ಕಡೆಯಿಂದ 1964ರ ನವೆಂಬರ್‌ನಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಹೊಸ ದಾರಿ ತೋರಿತು. ಬೇರೆ ಸಭೆಯ ಕ್ರೈಸ್ತರನ್ನು ಸಹೋದರರೆಂದು ಕಾಣಬೇಕು, ಒಡಕಿನಲ್ಲಿ ಎರಡೂ ಕಡೆಯವರ ತಪ್ಪಿದೆ ಎಂದು ಅದು ಒಪ್ಪಿಕೊಂಡಿತು. ಅದಕ್ಕೂ ಮೊದಲು ಕ್ಯಾಥೋಲಿಕರು ಪ್ರೊಟೆಸ್ಟೆಂಟರ ಆರಾಧನೆಯಲ್ಲಿ ಪಾಲ್ಗೊಳ್ಳಲು ಸಭೆ ಬಿಡುತ್ತಿರಲಿಲ್ಲ. ಮನುಷ್ಯನಿಗೆ ಮುಕ್ತಿ ಸಿಗುವುದು ಹೇಗೆ ಎಂಬ ಲೂಥರನ ಮೂಲ ಪ್ರಶ್ನೆಯ ಮೇಲೆಯೇ 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಕ್ಯಾಥೋಲಿಕರೂ ಲೂಥರನ್ನರೂ ಒಂದೇ ಕಾಗದಕ್ಕೆ ಸಹಿ ಹಾಕಿದರು.

ನನಗೆ ಹೆಚ್ಚು ಇಷ್ಟವಾದದ್ದು ಕನ್ನಡ ಬೈಬಲ್ಲಿನ ವಿಷಯ. ಪೂರ್ತಿ ಬೈಬಲ್ ಕನ್ನಡಕ್ಕೆ ಮೊದಲು ಬಂದದ್ದು 1831ರಲ್ಲಿ, ಬಳ್ಳಾರಿಯಲ್ಲಿದ್ದ ಜಾನ್ ಹ್ಯಾಂಡ್ಸ್ ಎಂಬ ಪ್ರೊಟೆಸ್ಟೆಂಟರ ದುಡಿಮೆಯಿಂದ. 1968ರಲ್ಲಿ ವ್ಯಾಟಿಕನ್ ಮತ್ತು ಬೈಬಲ್ ಸೊಸೈಟಿಗಳು ಅನುವಾದವನ್ನು ಕೂಡಿ ಮಾಡಲು ನಿಯಮಗಳನ್ನು ಹಾಕಿಕೊಂಡ ಮೇಲೆ, ಕನ್ನಡದಲ್ಲೂ ಎರಡೂ ಕಡೆಯ ವಿದ್ವಾಂಸರು ಸೇರಿ ಸರಳ ಭಾಷೆಯ ಅನುವಾದ ಮಾಡಿದರು. ಹಳೆಯ ಅನುವಾದದಲ್ಲಿ ‘ಯೆಹೋವ’ ಎಂದಿದ್ದರೆ ಇದರಲ್ಲಿ ‘ಸರ್ವೇಶ್ವರ’. ಅಲ್ಲಿ ‘ಸುವಾರ್ತೆ’, ಇಲ್ಲಿ ‘ಶುಭಸಂದೇಶ’. ಅಲ್ಲಿ ದೇವರು ‘ಮಾಡಿದನು’, ಇಲ್ಲಿ ‘ಮಾಡಿದರು’. ಒಂದೊಂದು ಪದಕ್ಕೂ ಎದುರುಬದುರು ಕೂತು ಮಾತಾಡದೆ ಇಂಥ ಕೆಲಸ ಆಗುವುದಿಲ್ಲ. ಹಳೆಯ ಅನುವಾದವನ್ನೂ ಯಾರೂ ಕಿತ್ತುಕೊಳ್ಳಲಿಲ್ಲ. ಬೇಕಾದವರು ಇಂದಿಗೂ ಅದನ್ನೇ ಓದುತ್ತಾರೆ.

ಎಲ್ಲವೂ ಬಗೆಹರಿದಿದೆ ಎಂದಲ್ಲ. ಸಾಮಾನ್ಯವಾಗಿ ಇಬ್ಬರೂ ಪ್ರಭುಭೋಜನವನ್ನು ಒಂದೇ ಪೀಠದಿಂದ ತೆಗೆದುಕೊಳ್ಳುವುದಿಲ್ಲ. ಪೋಪ್, ಮರಿಯ, ಮಹಿಳೆಯರಿಗೆ ಪಾದ್ರಿ ದೀಕ್ಷೆ, ಈ ಎಲ್ಲದರಲ್ಲೂ ಭಿನ್ನಾಭಿಪ್ರಾಯ ಹಾಗೇ ಇದೆ. ಇದನ್ನು ಅವರು ಮುಚ್ಚಿಡುವುದೂ ಇಲ್ಲ.

ಬೆಟಗೇರಿಯ ದವಾಖಾನೆಯಲ್ಲಿ

ಕಳೆದ ವರ್ಷ ದಾದಿಯನ್ನು ಬೆಟಗೇರಿಯ ಸಿ.ಎಸ್.ಐ. ಆಸ್ಪತ್ರೆಗೆ ಸೇರಿಸಿದ್ದೆವು. ಹಳಬರು ಈಗಲೂ ಅದನ್ನು ‘ಜರ್ಮನ್ ದವಾಖಾನಿ’ ಎನ್ನುತ್ತಾರೆ. ಪಕ್ಕದ ಮಂಚದಲ್ಲಿ ಒಬ್ಬ ಅಜ್ಜಿ. ಅವರನ್ನು ನೋಡಿಕೊಳ್ಳಲು ಓಣಿಯ ಗೆಳತಿ ಬಂದಿದ್ದರು. ಸಂಜೆ ಅಜ್ಜಿ ಬೈಬಲ್ ಹಿಡಿದು ಕಣ್ಣು ಮುಚ್ಚಿದರೆ, ಗೆಳತಿ ಜಪಸರ ಹಿಡಿದು ಕೂರುತ್ತಿದ್ದರು. ಈ ಕಡೆ ನಮ್ಮ ದಾದಿಯ ಕೈಯಲ್ಲಿ ತಸ್ಬೀಹ್. ದಾದಿ ಆ ಸರವನ್ನೇ ನೋಡುತ್ತಿದ್ದರು. ಕೊನೆಗೆ ಕೇಳಿಯೇಬಿಟ್ಟರು:

“ನಿಮ್ಮಿಬ್ಬರದೂ ಒಂದ ಚರ್ಚೇನವಾ?”

“ಇಲ್ರೀ ಅಮ್ಮಾ. ಅಕಿ ಸಿ.ಎಸ್.ಐ., ನಾ ಕ್ಯಾಥೋಲಿಕ್.”

“ಮತ್ತ ಜಗಳ ಆಗೂದಿಲ್ಲೇನು?”

ಮಂಚದ ಮೇಲಿದ್ದ ಅಜ್ಜಿ ಕಣ್ಣು ಬಿಟ್ಟು ನಕ್ಕರು. “ಆಗತೈತ್ರೀ. ನನ್ನ ಮಗಳ ಮದುವಿಗೆ ಯಾವ ಹಾಡು ಹಾಡಬೇಕು ಅಂತ ಒಂದು ವಾರ ಜಗಳಾಡೀವಿ. ಆದ್ರ ಮಾತು ಬಿಟ್ಟಿಲ್ಲ ನೋಡ್ರಿ.”

ದಾದಿ ಏನೂ ಹೇಳಲಿಲ್ಲ. ಅವತ್ತು ಅವರನ್ನು ನೋಡಲು ಅಬ್ಬಾ ಬೆಳಿಗ್ಗೆ ಬಂದು ಹೋಗಿದ್ದರು, ಚಾಚಾ ಮಧ್ಯಾಹ್ನ. ಒಬ್ಬರು ಇದ್ದಾಗ ಇನ್ನೊಬ್ಬರು ಬಾರದ ಹಾಗೆ ನಾನೇ ಫೋನ್ ಮಾಡಿ ಹೊತ್ತು ಹೊಂದಿಸಿದ್ದೆ.

ನಮ್ಮ ಶಿರಹಟ್ಟಿಗೆ ಯಾರಾದರೂ ಬಂದರೆ ನಾವು ಹೆಮ್ಮೆಯಿಂದ ಫಕೀರೇಶ್ವರ ಮಠ ತೋರಿಸುತ್ತೇವೆ. ಹಿಂದೂ ಮುಸ್ಲಿಮರಿಬ್ಬರೂ ನಡೆದುಕೊಳ್ಳುವ ಜಾಗ ಎನ್ನುತ್ತೇವೆ. ಬೇರೆ ಧರ್ಮದವರ ಜೊತೆ ಚೆನ್ನಾಗಿರುವುದು ಈ ಊರು ನಮಗೆ ಕಲಿಸಿದೆ. ನಮ್ಮದೇ ಧರ್ಮದೊಳಗೆ ಬೇರೆ ಯೋಚಿಸುವವರ ಜೊತೆ ಇರುವುದು ಅದಕ್ಕಿಂತ ಕಷ್ಟ ಎಂದು ನನಗೆ ಅನ್ನಿಸುತ್ತದೆ. ದೂರದವರು ತಪ್ಪು ಮಾಡಿದರೆ ‘ಅವರ ಪದ್ಧತಿ’ ಎನ್ನುತ್ತೇವೆ. ಹತ್ತಿರದವರು ಮಾಡಿದರೆ ‘ದಾರಿ ತಪ್ಪಿದವರು’ ಎನ್ನುತ್ತೇವೆ. ಸೂರಾ ಅಲ್-ಹುಜುರಾತ್‌ನಲ್ಲಿ ಜಗಳವಾಡಿದ ಇಬ್ಬರು ಸಹೋದರರ ನಡುವೆ ರಾಜಿ ಮಾಡಿಸುವ ಮಾತಿದೆ, ಒಬ್ಬರನ್ನೊಬ್ಬರು ಕೆಟ್ಟ ಅಡ್ಡಹೆಸರಿನಿಂದ ಕರೆಯಬೇಡಿ ಎಂಬ ಮಾತೂ ಇದೆ. ನಾವು ಅದನ್ನು ಓದುತ್ತೇವೆ, ಆಮೇಲೆ ಒಂದು ಜಮಾತಿನವರು ಇನ್ನೊಂದು ಜಮಾತಿನವರಿಗೆ ಹೆಸರಿಡುತ್ತೇವೆ.

ಕ್ಯಾಥೋಲಿಕರೂ ಪ್ರೊಟೆಸ್ಟೆಂಟರೂ ಒಂದಾಗಿಬಿಟ್ಟಿಲ್ಲ. ಆದರೆ ಒಬ್ಬರ ಪುಸ್ತಕ ಇನ್ನೊಬ್ಬರು ಅಚ್ಚು ಹಾಕಿದರು, ಕೂಡಿ ಅನುವಾದ ಮಾಡಿದರು, ತಪ್ಪು ಎರಡೂ ಕಡೆ ಇತ್ತು ಎಂದು ಬಾಯಿಬಿಟ್ಟು ಹೇಳಿದರು. ಅದಕ್ಕೆ ಅವರಿಗೆ ನಾನೂರು ವರ್ಷಕ್ಕೂ ಹೆಚ್ಚು ಬೇಕಾಯಿತು. ನಮ್ಮ ಮನೆಗೆ ಅಷ್ಟು ಹೊತ್ತಿಲ್ಲ. ದಾದಿಗೆ ಈಗ ಎಪ್ಪತ್ತೆಂಟು.

ಈ ಸಲ ಈದ್ ದಿನ ಅಬ್ಬಾನನ್ನು ಕೇಳದೆ, ಅಮ್ಮಿಗೆ ಮಾತ್ರ ಹೇಳಿ, ಒಂದು ಡಬ್ಬಿ ಶೀರ್ ಖುರ್ಮಾ ತೆಗೆದುಕೊಂಡು ಚಾಚಾ ಮನೆಗೆ ಹೋದೆ. ಬಾಗಿಲಲ್ಲಿ ಚಾಚಾ ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ಆಮೇಲೆ ಡಬ್ಬಿ ತೆಗೆದುಕೊಂಡು, “ನಿಮ್ಮ ಅಬ್ಬಾನ ಬಿ.ಪಿ. ಹ್ಯಾಂಗೈತಿ?” ಎಂದು ಕೇಳಿದರು.

ಡಬ್ಬಿ ಖಾಲಿ ವಾಪಸ್ ಬರಲಿಲ್ಲ. ಅದರಲ್ಲಿ ಚಾಚಿ ಮಾಡಿದ ಗುಲ್ಗುಲೆ ಇತ್ತು. ಅಬ್ಬಾ ಎಲ್ಲಿಂದ ಬಂತು ಎಂದು ಕೇಳದೇ ಎರಡು ತಿಂದರು.