ಗೋಮಾಳದ ನೀಲಿ ಹೂವು

ಅಕ್ಕಂದಿರೇ, ಬೆಳಿಗ್ಗೆ ಕುರಿ ದನ ಹೊಡ್ಕೊಂಡು ಗೋಮಾಳಕ್ಕೆ ಹೋಗ್ತೀರಲ್ಲ? ಮಳೆ ಬಿದ್ದು ಹುಲ್ಲು ಚಿಗುರಿದಾಗ ಬಗ್ಗಿ ನೋಡಿ. ಹುಲ್ಲಿನ ನಡುವೆ ಚಿಕ್ಕ ಚಿಕ್ಕ ನೀಲಿ ಹೂವು ಕಾಣುತ್ತವೆ. ಅದೇ ವಿಷ್ಣುಕ್ರಾಂತಿ.

"ದಿನಾ ತುಳ್ಕೊಂಡು ಹೋಗ್ತೀವಿ ಟೀಚರ್, ಹೆಸರೇ ಗೊತ್ತಿರಲಿಲ್ಲ" ಅಂದರು ಓದಲು ಬರುವ ಅಕ್ಕ ಒಬ್ಬರು. ಬನ್ನಿ, ಇದರ ಗುರುತು ತಿಳಿಯೋಣ.

ಗುರುತು ಹೇಗೆ?

ಈ ಗಿಡ ಎತ್ತರ ಬೆಳೆಯುವುದಿಲ್ಲ. ಒಂದೇ ಬೇರಿನಿಂದ ತೆಳ್ಳನೆಯ ಕಡ್ಡಿಗಳು ಸುತ್ತಲೂ ಹರಡುತ್ತವೆ. ಎಲೆ ಚಿಕ್ಕದು. ಮುಟ್ಟಿದರೆ ಮೆತ್ತಗೆ. ಎಲೆ, ಕಡ್ಡಿಗಳ ಮೇಲೆ ರೇಷ್ಮೆಯಂಥ ನವಿರು ಕೂದಲು ಇರುತ್ತದೆ. ಹೂವು ಅಂಗಿ ಗುಂಡಿಯಷ್ಟು. ಎಸಳೆಲ್ಲ ಕೂಡಿಕೊಂಡು ದುಂಡಗೆ ಕಾಣುತ್ತದೆ. ಬೆಳಿಗ್ಗೆ ಅರಳುತ್ತದೆ. ಬಿಸಿಲು ಏರಿದ ಮೇಲೆ ಮುದುಡುತ್ತದೆ.

ಬೇಲಿಗೆ ಹಬ್ಬುವ ಶಂಖಪುಷ್ಪ ಬೇರೆ. ಅದು ಬಳ್ಳಿ. ಅದರ ಹೂವು ದೊಡ್ಡದು. ತೇವ ಇರುವ ಬದುವಿನ ಕನ್ನೆ ಸೊಪ್ಪೂ ಬೇರೆ. ಅದರ ನೀಲಿ ಹೂವಿನಲ್ಲಿ ಎರಡು ಎಸಳು ಎದ್ದು ಕಾಣುತ್ತವೆ.

ಎಲ್ಲಿ ಬೆಳೆಯುತ್ತದೆ?

ಬಿಸಿಲು ಬೀಳುವ ಬಯಲು, ಕಲ್ಲುಮಣ್ಣಿನ ದಿಣ್ಣೆ, ಉಳದೆ ಬಿಟ್ಟ ನೆಲ ಇದರ ಮನೆ. ದನ ಮೇಯ್ದು ಹುಲ್ಲು ಗಿಡ್ಡ ಇದ್ದರೆ ಇದಕ್ಕೆ ಬಿಸಿಲು ಸಿಗುತ್ತದೆ. ದಟ್ಟ ನೆರಳಿನಲ್ಲಿ ಇದು ಬಾಳದು.

ಗೋಮಾಳ ಬರೀ ಬೀಳು ನೆಲವೇ?

"ಅಲ್ಲೇನಿದೆ, ಬರೀ ಬೀಳು" ಅಂತಾರೆ ಕೆಲವರು. ಅದು ತಪ್ಪು. ಮರ ಇಲ್ಲ ಅಂದ ಮಾತ್ರಕ್ಕೆ ನೆಲ ಬರಡಲ್ಲ. ಅಲ್ಲಿ ದನಕ್ಕೆ ಮೇವಿದೆ. ಹಕ್ಕಿಗೆ ಗೂಡಿದೆ. ಹುಲ್ಲಿನ ಬೇರು ಮಣ್ಣು ಕೊಚ್ಚಿ ಹೋಗದಂತೆ ಹಿಡಿಯುತ್ತದೆ. ತುಮಕೂರು ಜಿಲ್ಲೆಯ ಮೈದನಹಳ್ಳಿ ಹುಲ್ಲುಗಾವಲಿನಲ್ಲಿ ಕೃಷ್ಣಮೃಗಗಳಿವೆ. ಅವುಗಳಿಗಾಗಿಯೇ 2007ರಲ್ಲಿ ಸರ್ಕಾರ ಆ ಜಾಗವನ್ನು ಮೀಸಲು ಮಾಡಿತು.

ಆದರೆ ಊರೂರಲ್ಲಿ ಗೋಮಾಳ ಕರಗುತ್ತಿದೆ. ಒಂದು ಕಡೆ ಒತ್ತುವರಿ. ಒಂದು ಕಡೆ ನೀಲಗಿರಿ ತೋಪು. ಉಳಿದ ಕಡೆ ಕಾಂಗ್ರೆಸ್ ಗಿಡ. ಹೊರದೇಶದಿಂದ ಬಂದ ಈ ಗಿಡ ಹುಲ್ಲನ್ನು ಅದುಮಿ ಬೆಳೆಯುತ್ತದೆ. ಮೈಗೆ ತಾಗಿದರೆ ಕೆಲವರಿಗೆ ತುರಿಕೆ ಬರುತ್ತದೆ. ಹುಲ್ಲು ಹೋದರೆ ಹೂವು ಹೋಯಿತು. ಮೇವೂ ಹೋಯಿತು. ಆಗ ಮೇವಿಗಾಗಿ ದೂರ ನಡೆಯುವವರು ಯಾರು? ನಾವೇ ಅಲ್ಲವೇ?

ನಾವೇನು ಮಾಡಬಹುದು?

ಕಾಂಗ್ರೆಸ್ ಗಿಡವನ್ನು ಹೂ ಬಿಡುವ ಮೊದಲೇ ಕಿತ್ತು ಹಾಕಿ. ಕೈಗೆ ಬಟ್ಟೆ ಸುತ್ತಿಕೊಳ್ಳಿ. ವಿಷ್ಣುಕ್ರಾಂತಿಯನ್ನು ಔಷಧಿಗೆ ಅಂತ ಬೇರು ಸಮೇತ ಕೀಳಬೇಡಿ. ಬೇರು ಹೋದರೆ ಆ ಗಿಡ ಮತ್ತೆ ಚಿಗುರದು. ತಿಳಿದವರನ್ನು ಕೇಳದೆ ಔಷಧಿ ಮಾಡಲೂ ಬೇಡಿ.

ಇನ್ನೊಂದು ಮಾತು. 100 ದನಕ್ಕೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಗೋಮಾಳ ಬಿಡಬೇಕು ಅಂತ 1966ರ ಕರ್ನಾಟಕ ಭೂಕಂದಾಯ ನಿಯಮಗಳು ಹೇಳುತ್ತವೆ. ನಮ್ಮೂರಲ್ಲಿ ದನ ಎಷ್ಟು? ಗೋಮಾಳ ಎಷ್ಟು? ಗ್ರಾಮಸಭೆಯಲ್ಲಿ ಕೇಳಿ. ಒಬ್ಬರೇ ಹೋಗಬೇಡಿ, ಸಂಘದವರೆಲ್ಲ ಕೂಡಿ ಹೋಗಿ. ಈಗ ನಿಮಗೆ ಓದಲು ಬರುತ್ತದೆ. ಪಹಣಿ ತರಿಸಿ ನೀವೇ ಓದಿ ನೋಡಿ.

ನಾಳೆ ಬೆಳಿಗ್ಗೆ ಗೋಮಾಳಕ್ಕೆ ಹೋದಾಗ ಆ ನೀಲಿ ಹೂವನ್ನು ಹುಡುಕಿ. ಮಕ್ಕಳಿಗೂ ತೋರಿಸಿ. ಹೆಸರು ಹೇಳಿಕೊಡಿ.