ನಮ್ಮ ಮನೆಗೆ ಕಾರು ಬೇಕೇ?

ರಮಝಾನ್ ಕಳೆದ ಮೇಲೆ ನಮ್ಮ ಮನೆಯಲ್ಲಿ ಒಂದೇ ಚರ್ಚೆ: ಕಾರು. ದಮ್ಮಾಮಿನಲ್ಲಿ ಕೆಲಸಕ್ಕಿರುವ ಅಣ್ಣ ನಾಲ್ಕು ವರ್ಷ ದುಡಿದು ಉಳಿಸಿದ ನಾಲ್ಕು ಲಕ್ಷ ರೂಪಾಯಿ ಇದೆ. ಮುಂದಿನ ರಜೆಗೆ ತಾನು ಬರುವುದರೊಳಗೆ ಅಂಗಳದಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಕಾರು ಇರಬೇಕು ಎಂಬುದು ಅವನ ಆಸೆ. ಅಕ್ಕನಿಗೆ ಸಂಬಂಧ ನೋಡುತ್ತಿದ್ದಾರೆ. ಬಂದವರು ಚಹಾ ಕುಡಿಯುತ್ತಾ ಅಂಗಳದ ಕಡೆ ಒಮ್ಮೆ ಕಣ್ಣು ಹಾಯಿಸುವುದನ್ನು ಉಮ್ಮ ಗಮನಿಸಿದ್ದಾರೆ. ಹಾಗಾಗಿ ಉಮ್ಮನೂ ಅಣ್ಣನ ಪಕ್ಷ.

ಉಪ್ಪನ ಯೋಚನೆ ಬೇರೆ. ಅವರು ಇಪ್ಪತ್ತೆರಡು ವರ್ಷಗಳಿಂದ ರಿಕ್ಷಾ ಓಡಿಸುತ್ತಿದ್ದಾರೆ. ಈಗಿರುವ ಗ್ಯಾಸಿನ ರಿಕ್ಷಾ ಹಳತಾಗಿದೆ, ತಿಂಗಳಿಗೊಮ್ಮೆಯಾದರೂ ಗ್ಯಾರೇಜಿನಲ್ಲಿ ನಿಲ್ಲುತ್ತದೆ. ಸಾಲ ಮಾಡಿ ಕಾರು, ರಿಕ್ಷಾ ಎರಡನ್ನೂ ತೆಗೆಯೋಣ ಎಂದರೆ ಬಡ್ಡಿ ಕಟ್ಟಬೇಕು. ಬಡ್ಡಿಯ ವ್ಯವಹಾರ ಉಪ್ಪನಿಗೆ ಬೇಡವೇ ಬೇಡ. ಅಂದರೆ ಇರುವ ಹಣದಲ್ಲಿ ಒಂದೋ ಕಾರು, ಒಂದೋ ರಿಕ್ಷಾ. ಒಂದು ರಾತ್ರಿ ಊಟಕ್ಕೆ ಕೂತಾಗ ಅವರು ನನ್ನ ಕಡೆ ತಿರುಗಿ, "ನೀನು ಸೈನ್ಸ್ ಓದುವವಳಲ್ಲವಾ? ಲೆಕ್ಕ ಮಾಡಿ ಹೇಳು" ಎಂದರು. ಆ ಲೆಕ್ಕವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಮಾಡಿದ್ದು, ಒಂದು ತಿಂಗಳು ನಾವು ಎಲ್ಲೆಲ್ಲಿಗೆ ಹೋಗುತ್ತೇವೆ ಎಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟದ್ದು. ನಾನು ಕಾಲೇಜಿಗೆ ಹೋಗುವುದು ಬಸ್ಸಿನಲ್ಲಿ. ಅಕ್ಕ ಟೈಲರಿಂಗ್ ಕ್ಲಾಸಿಗೆ ನಡೆದು ಹೋಗುತ್ತಾಳೆ. ಅಂಗಡಿ, ಮಸೀದಿ, ಮದ್ರಸ ಎಲ್ಲ ನಡಿಗೆಯ ದೂರ. ಕಾರು ಇದ್ದಿದ್ದರೆ ಖಂಡಿತ ಬಳಸುತ್ತಿದ್ದೆವು ಎನ್ನುವ ಪ್ರಯಾಣ ಐದು: ಉಮ್ಮನನ್ನು ದೇರಳಕಟ್ಟೆಯ ಆಸ್ಪತ್ರೆಗೆ ಎರಡು ಸಲ ಕರೆದುಕೊಂಡು ಹೋದದ್ದು, ವಿಟ್ಲದ ಅಜ್ಜಿ ಮನೆ, ಎರಡು ಮದುವೆ. ಒಟ್ಟು ಸುಮಾರು 150 ಕಿಲೋಮೀಟರ್. ಗಂಟೆಗೆ 30 ಕಿ.ಮೀ. ವೇಗ ಹಿಡಿದರೂ ಐದು ಗಂಟೆಯ ಓಟ. ಒಂದು ತಿಂಗಳಿಗೆ 720 ಗಂಟೆ. ಉಳಿದ 715 ಗಂಟೆ ಆ ಕಾರು ಟರ್ಪಾಲು ಹೊದ್ದು ಅಂಗಳದಲ್ಲಿ ನಿಂತಿರುತ್ತದೆ.

ನಿಂತ ಕಾರಿಗೂ ಖರ್ಚಿದೆ. ಇನ್ಶೂರೆನ್ಸ್ ವರ್ಷಕ್ಕೆ ಹತ್ತು ಸಾವಿರ, ಸರ್ವಿಸ್ ಮತ್ತು ಟಯರಿಗೆ ಹನ್ನೆರಡು ಸಾವಿರ, ಹಳತಾಗುತ್ತಾ ಬೆಲೆ ಇಳಿಯುವುದಕ್ಕೆ ಮೂವತ್ತು ಸಾವಿರ ಎಂದು ಅಂದಾಜು ಹಾಕಿದೆ. ಕಾಮರ್ಸ್‌ನವರು ಇದನ್ನೇ ಸವಕಳಿ ಎನ್ನುತ್ತಾರೆ. ನನ್ನ ಗೆಳತಿ ಹೇಳಿಕೊಡುವವರೆಗೆ ಅದನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಒಟ್ಟು 52,000, ತಿಂಗಳಿಗೆ ಸುಮಾರು 4,300 ರೂಪಾಯಿ. ಇದಕ್ಕೆ ಹತ್ತು ಲೀಟರ್ ಪೆಟ್ರೋಲ್ ಸೇರಿಸಿದರೆ 5,300. ಅದೇ ಐದು ಪ್ರಯಾಣಕ್ಕೆ ಆ ತಿಂಗಳು ನಾವು ಬಾಡಿಗೆ ಕಾರಿಗೆ ಕೊಟ್ಟದ್ದು 3,200 ರೂಪಾಯಿ.

ಅಣ್ಣನಿಗೆ ಫೋನಿನಲ್ಲಿ ಇದನ್ನು ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ರಾತ್ರಿ ಎರಡು ಗಂಟೆಗೆ ಉಮ್ಮನಿಗೆ ಉಸಿರು ಕಟ್ಟಿದರೆ ನಿನ್ನ ನೋಟ್‌ಬುಕ್ಕಿನಲ್ಲಿ ಕೂರಿಸಿಕೊಂಡು ಹೋಗ್ತೀಯಾ?" ಎಂದ.

ಇದಕ್ಕೆ ನನ್ನ ಬಳಿ ಪೂರ್ತಿ ಉತ್ತರವಿಲ್ಲ. ನಮ್ಮ ಮನೆಯಲ್ಲಾದರೆ ರಾತ್ರಿ ಹೊತ್ತು ಉಪ್ಪನ ರಿಕ್ಷಾ ಇರುತ್ತದೆ. ಆದರೆ ಸಂಜೆ ಏಳರ ನಂತರ ಬಸ್ಸೇ ಇಲ್ಲದ ಹಳ್ಳಿಯವರಿಗೆ, ನಡೆಯಲಾಗದವರು ಇರುವ ಮನೆಗೆ, ವಾರಕ್ಕೆ ಮೂರು ದಿನ ಡಯಾಲಿಸಿಸ್‌ಗೆ ಹೋಗುವವರಿಗೆ ಕಾರು ಬೇಡ ಎಂದು ಹೇಳುವ ಹಕ್ಕು ನನಗಿಲ್ಲ. ಅಂಥವರಿಗೆ ಅದು ಬೇಕು. ಹೆಣ್ಣುಮಕ್ಕಳ ವಿಷಯವೂ ಇದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರಕಾರಿ ಸಾಮಾನ್ಯ ಬಸ್ಸುಗಳಲ್ಲಿ ನಮಗೆ ಟಿಕೆಟ್ ಇಲ್ಲ. ಆದರೆ ನಮ್ಮ ಕಡೆ ಖಾಸಗಿ ಬಸ್ಸುಗಳೇ ಜಾಸ್ತಿ, ಅವುಗಳಲ್ಲಿ ಆ ಸೌಲಭ್ಯವಿಲ್ಲ. ಬೆಳಗಿನ ಬಸ್ಸಿನಲ್ಲಿ ಫುಟ್‌ಬೋರ್ಡಿನವರೆಗೆ ಜನ. ಎರಡು ಕೈಯಲ್ಲಿ ಎರಡು ಮಕ್ಕಳನ್ನು ಹಿಡಿದ ತಾಯಿಯೊಬ್ಬರು ಹತ್ತಲಾಗದೆ ಹಿಂದೆ ಸರಿದದ್ದನ್ನು ಕಂಡಿದ್ದೇನೆ. ಬಸ್ಸು ಸರಿಯಿಲ್ಲದ ಕಡೆ ಜನ ಕಾರು ತೆಗೆಯುತ್ತಾರೆ, ಕಾರು ಹೆಚ್ಚಾದಷ್ಟೂ ಬಸ್ಸು ಇನ್ನೂ ತಡವಾಗುತ್ತದೆ.

ತಡವಾಗುವುದನ್ನು ನಾನು ದಿನಾ ನೋಡುತ್ತೇನೆ. ತೊಕ್ಕೊಟ್ಟಿನಿಂದ ಹೊರಟ ಬಸ್ಸು ನೇತ್ರಾವತಿ ಸೇತುವೆ ದಾಟಿ ಪಂಪ್‌ವೆಲ್ ತಲುಪುವಾಗ ಎಷ್ಟೋ ದಿನ ಮೊದಲ ಪೀರಿಯಡ್‌ನ ಬೆಲ್ ಆಗಿರುತ್ತದೆ. ಒಂದು ದಿನ ಸೇತುವೆಯ ಮೇಲೆ ನಿಂತಾಗ ಕಿಟಕಿಯಿಂದ ಪಕ್ಕದ ಸಾಲಿನ ಇಪ್ಪತ್ತು ಕಾರುಗಳನ್ನು ಎಣಿಸಿದೆ. ಹದಿನಾಲ್ಕರಲ್ಲಿ ಡ್ರೈವರ್ ಒಬ್ಬರೇ. ಇದು ಸರ್ವೆಯಲ್ಲ, ಒಂದು ದಿನ ಕಂಡದ್ದು ಅಷ್ಟೇ. ನಮ್ಮ ಬಸ್ಸು ನಿಂತ ಜಾಗದಲ್ಲಿ ಮೂರು ಕಾರು ನಿಲ್ಲಬಹುದು. ಬಸ್ಸಿನಲ್ಲಿದ್ದವರು ಐವತ್ತಕ್ಕಿಂತ ಹೆಚ್ಚು. ಮೂರು ಕಾರಿನಲ್ಲಿ ಇರುವುದು ನಾಲ್ಕೈದು ಜನ. ಚಿಕ್ಕ ಕಾರಿನ ತೂಕವೇ ಎಂಟುನೂರು, ಒಂಬೈನೂರು ಕೆ.ಜಿ. ಅರವತ್ತು ಕೆ.ಜಿ.ಯ ಒಬ್ಬ ಮನುಷ್ಯನನ್ನು ಸಾಗಿಸಲು ಅಷ್ಟು ಕಬ್ಬಿಣವನ್ನೂ ಸಾಗಿಸಬೇಕು. ಮದ್ರಸದಲ್ಲಿ ವುಝೂ ಮಾಡುವಾಗ ನಲ್ಲಿಯನ್ನು ಜೋರಾಗಿ ಬಿಟ್ಟರೆ, ಹರಿಯುವ ಹೊಳೆಯ ಬದಿಯಲ್ಲಿದ್ದರೂ ನೀರು ಪೋಲು ಮಾಡಬಾರದೆಂಬ ಪ್ರವಾದಿಯವರ ಬೋಧನೆಯನ್ನು ಉಸ್ತಾದರು ನೆನಪಿಸುತ್ತಿದ್ದರು. ಇಸ್ರಾಫ್ ಎಂಬ ಪದ ಕಲಿತದ್ದು ಅಲ್ಲಿ. ಸೇತುವೆಯ ಮೇಲೆ ಅದು ನೆನಪಾಯಿತು.

ಇಲ್ಲಿಗೆ ಬಂದಾಗ ಎಲ್ಲರೂ ಹೇಳುವ ಮಾತು, "ಹಾಗಾದರೆ ಎಲೆಕ್ಟ್ರಿಕ್ ಕಾರು ತೆಗೆಯಿರಿ, ಹೊಗೆಯೂ ಇಲ್ಲ, ಖರ್ಚೂ ಇಲ್ಲ." ಇದರಲ್ಲಿ ನಿಜ ಎಷ್ಟು?

ಹೊಸ ತಂತ್ರಜ್ಞಾನ ಎಂದು ನಾವು ಭಾವಿಸಿದರೂ, ಬೆಂಗಳೂರಿನ ರೇವಾ ಎಂಬ ಎರಡು ಬಾಗಿಲಿನ ಪುಟ್ಟ ವಿದ್ಯುತ್ ಕಾರು ಮಾರುಕಟ್ಟೆಗೆ ಬಂದದ್ದು 2001ರಲ್ಲಿ, ನಾವು ಯಾರೂ ಹುಟ್ಟುವ ಮೊದಲು. ಅದು ಲಂಡನ್ನಿನ ಬೀದಿಗಳಲ್ಲೂ ಓಡಿತು. ಆದರೆ ಅದರಲ್ಲಿ ಇದ್ದದ್ದು ಭಾರವಾದ ಸೀಸದ ಬ್ಯಾಟರಿ. ಲಿಥಿಯಂ ಅಯಾನ್ ಬ್ಯಾಟರಿ ಅಗ್ಗವಾದ ಮೇಲೆಯೇ ಇಂಥ ವಾಹನಗಳು ಎಲ್ಲೆಡೆ ಕಾಣತೊಡಗಿದ್ದು. ಆ ಬ್ಯಾಟರಿಯನ್ನು ರೂಪಿಸಿದ ಮೂವರಿಗೆ 2019ರ ರಸಾಯನಶಾಸ್ತ್ರದ ನೊಬೆಲ್ ಬಂತು. ಅವರಲ್ಲಿ ಜಾನ್ ಗುಡಿನಫ್ ಅವರಿಗೆ ಆಗ 97 ವರ್ಷ. (ಪರೀಕ್ಷೆಯಲ್ಲಿ ಫೇಲಾದವರನ್ನು ಸಮಾಧಾನ ಮಾಡಲು ನಮ್ಮ ಕೆಮಿಸ್ಟ್ರಿ ಮೇಡಂ ಈ ಉದಾಹರಣೆ ಕೊಡುತ್ತಾರೆ.)

ವಿದ್ಯುತ್ ವಾಹನದ ನಿಜವಾದ ಶಕ್ತಿ ಅದರ ಮೋಟರಿನಲ್ಲಿದೆ. ಒಂದು ಲೀಟರ್ ಪೆಟ್ರೋಲ್ ಉರಿದಾಗ ಸಿಗುವ ಶಾಖವನ್ನು ನಮ್ಮ ಕರೆಂಟ್ ಬಿಲ್ಲಿನ ಭಾಷೆಯಲ್ಲಿ ಹೇಳಿದರೆ ಸುಮಾರು 9 ಯೂನಿಟ್. ಇದರಲ್ಲಿ ಪೆಟ್ರೋಲ್ ಕಾರು ಊರ ರಸ್ತೆಯಲ್ಲಿ 15 ಕಿ.ಮೀ. ಓಡುತ್ತದೆ. ಅದೇ 9 ಯೂನಿಟ್ ಕರೆಂಟು ಬ್ಯಾಟರಿಯಲ್ಲಿದ್ದರೆ ಚಿಕ್ಕ ವಿದ್ಯುತ್ ಕಾರು ಅರವತ್ತು ಕಿ.ಮೀ. ದಾಟುತ್ತದೆ. ಪೆಟ್ರೋಲ್ ಎಂಜಿನ್‌ನಲ್ಲಿ ಉಳಿದ ಶಕ್ತಿ ಎಲ್ಲಿಗೆ ಹೋಯಿತು ಎಂದು ತಿಳಿಯಲು ಓಡಿ ನಿಂತ ಕಾರಿನ ಬಾನೆಟ್ ಮುಟ್ಟಿ ನೋಡಿದರೆ ಸಾಕು. ಮುಕ್ಕಾಲು ಪಾಲು ಬರೀ ಬಿಸಿಯಾಗಿ ರೇಡಿಯೇಟರ್ ಮತ್ತು ಸೈಲೆನ್ಸರ್ ಮೂಲಕ ಹೊರಗೆ ಹೋಗಿರುತ್ತದೆ. ಮೋಟರ್ ಹಾಗಲ್ಲ, ಕೊಟ್ಟ ವಿದ್ಯುತ್ತಿನಲ್ಲಿ ಹೆಚ್ಚಿನದನ್ನು ಚಕ್ರಕ್ಕೆ ತಲುಪಿಸುತ್ತದೆ. ಇನ್ನೊಂದು ವಿಶೇಷ, ಬ್ರೇಕ್ ಹಾಕಿದಾಗ ಅದೇ ಮೋಟರ್ ಜನರೇಟರ್ ಆಗಿ ತಿರುಗಿ ಬ್ಯಾಟರಿಗೆ ಸ್ವಲ್ಪ ಕರೆಂಟು ವಾಪಸು ಕೊಡುತ್ತದೆ. ದ್ವಿತೀಯ ಪಿಯುಸಿಯಲ್ಲಿ ನಾವು ಓದುವ ವಿದ್ಯುತ್ಕಾಂತೀಯ ಪ್ರೇರಣೆಯ ಪಾಠ ಇದೇ. ಚಾರ್ಮಾಡಿ ಘಾಟಿ ಇಳಿಯುವಾಗ ಪೆಟ್ರೋಲ್ ಟ್ಯಾಂಕ್ ತುಂಬುವುದಿಲ್ಲ, ಬ್ಯಾಟರಿಯ ಚಾರ್ಜ್ ಮಾತ್ರ ಒಂದಿಷ್ಟು ಏರುತ್ತದೆ.

ಹೊಗೆಯ ವಿಷಯದಲ್ಲಿ ಅಷ್ಟು ಸುಲಭವಾಗಿ ಜಯ ಘೋಷಿಸಲಾಗದು. ಕರೆಂಟು ಎಲ್ಲಿಂದ ಬಂತು ಎಂದು ಕೇಳಬೇಕು. ಶರಾವತಿಯ ನೀರಿನಿಂದ, ಪಾವಗಡದ ಬಿಸಿಲಿನಿಂದ ಬಂದರೆ ಒಳ್ಳೆಯದು. ಆದರೆ ಉಡುಪಿ ಜಿಲ್ಲೆಯ ಎಲ್ಲೂರಿನಲ್ಲಿ ಕಲ್ಲಿದ್ದಲು ಸುಡುವ 1,200 ಮೆಗಾವಾಟ್‌ನ ಸ್ಥಾವರವೂ ಇದೆ, ಮತ್ತು ಇಡೀ ದೇಶದ ಕರೆಂಟಿನಲ್ಲಿ ದೊಡ್ಡ ಪಾಲು ಇನ್ನೂ ಕಲ್ಲಿದ್ದಲಿನದ್ದೇ. ದೇಶದ ಸರಾಸರಿ ಹಿಡಿದರೆ ಒಂದು ಯೂನಿಟ್‌ಗೆ ಸುಮಾರು 0.7 ಕೆ.ಜಿ. ಇಂಗಾಲದ ಡೈಆಕ್ಸೈಡ್ ಬರುತ್ತದೆ. ಪೆಟ್ರೋಲಿನಲ್ಲಿ ಲೀಟರಿಗೆ 2.3 ಕೆ.ಜಿ. ಚಾರ್ಜ್ ಮಾಡುವಾಗ ಆಗುವ ನಷ್ಟವನ್ನೂ ಸೇರಿಸಿ ಭಾಗಿಸಿದಾಗ ನನಗೆ ಸಿಕ್ಕಿದ್ದು: ಕಿಲೋಮೀಟರಿಗೆ ಪೆಟ್ರೋಲ್ ಕಾರು 150 ಗ್ರಾಂ, ವಿದ್ಯುತ್ ಕಾರು 105 ಗ್ರಾಂ. ಕಡಿಮೆ ಹೌದು, ಸೊನ್ನೆ ಅಲ್ಲ. ಬ್ಯಾಟರಿ ತಯಾರಿಸುವಾಗ ಆಗುವ ಮಾಲಿನ್ಯ ಬೇರೆ. ಕೆಲವು ಬಗೆಯ ಬ್ಯಾಟರಿಗೆ ಬೇಕಾದ ಕೋಬಾಲ್ಟ್ ಹೆಚ್ಚಾಗಿ ಬರುವುದು ಕಾಂಗೋ ದೇಶದಿಂದ. ಅಲ್ಲಿನ ಗಣಿಗಳಲ್ಲಿ ನಮಗಿಂತ ಚಿಕ್ಕ ಮಕ್ಕಳು ಕೆಲಸ ಮಾಡುವುದು ಬಯಲಾಗಿದೆ. ಕೋಬಾಲ್ಟ್ ಇಲ್ಲದ, ಕಬ್ಬಿಣ ಮತ್ತು ಫಾಸ್ಫೇಟ್ ಬಳಸುವ ಬ್ಯಾಟರಿಗಳು ಈಗ ಹೆಚ್ಚುತ್ತಿರುವುದು ಸಮಾಧಾನದ ಸುದ್ದಿ. ಇನ್ನು ಸೇತುವೆಯ ಮೇಲಿನ ಆ ಇಪ್ಪತ್ತು ಕಾರುಗಳು ನಾಳೆ ವಿದ್ಯುತ್ ಕಾರುಗಳಾದರೆ ನಮ್ಮ ಬಸ್ಸು ಒಂದು ನಿಮಿಷವೂ ಬೇಗ ಮುಟ್ಟುವುದಿಲ್ಲ.

ಲೆಕ್ಕ ಮುಂದುವರಿಸಿದಾಗಲೇ ನನಗೆ ಮುಖ್ಯ ವಿಷಯ ಹೊಳೆದದ್ದು. ವಿದ್ಯುತ್ ವಾಹನ ಕೊಳ್ಳುವಾಗ ದುಬಾರಿ, ಓಡಿಸುವಾಗ ಅಗ್ಗ. ಆದ್ದರಿಂದ ಲಾಭ ಬರುವುದು ಓಡಿದರೆ ಮಾತ್ರ. ಚಿಕ್ಕ ಕಾರಿನಲ್ಲಿ ಪೆಟ್ರೋಲಿಗೆ ಕಿ.ಮೀ.ಗೆ ಆರೇಳು ರೂಪಾಯಿ, ಕರೆಂಟಿಗೆ ಯೂನಿಟ್‌ಗೆ 7 ರೂಪಾಯಿ ಹಿಡಿದರೂ ಒಂದು ರೂಪಾಯಿ ಚಿಲ್ಲರೆ. ನಮ್ಮ 150 ಕಿ.ಮೀ.ಗೆ ತಿಂಗಳಿಗೆ ಉಳಿಯುವುದು ಹೆಚ್ಚೆಂದರೆ 850 ರೂಪಾಯಿ, ವರ್ಷಕ್ಕೆ ಹತ್ತು ಸಾವಿರ. ಕಾರಿನ ಬೆಲೆ ಎರಡು ಲಕ್ಷ ಹೆಚ್ಚಿದ್ದರೆ ಅದು ವಾಪಸು ಬರಲು 20 ವರ್ಷ ಬೇಕು. ಬ್ಯಾಟರಿಗೆ ಸಾಮಾನ್ಯವಾಗಿ ಕೊಡುವ ವಾರಂಟಿ ಎಂಟು ವರ್ಷ!

ಈಗ ಉಪ್ಪನ ರಿಕ್ಷಾ ನೋಡಿ. ದಿನಕ್ಕೆ 80 ಕಿ.ಮೀ. ಓಟ, ಗ್ಯಾಸಿಗೆ 250 ರೂಪಾಯಿ. ವಿದ್ಯುತ್ ರಿಕ್ಷಾವಾದರೆ ಅಷ್ಟು ದೂರಕ್ಕೆ ಆರೇಳು ಯೂನಿಟ್ ಸಾಕು, ಅಂದರೆ 50 ರೂಪಾಯಿಯ ಒಳಗೆ. ದಿನಕ್ಕೆ 200 ರೂಪಾಯಿ ಉಳಿತಾಯ. ತಿಂಗಳಲ್ಲಿ 25 ದಿನ ಓಡಿಸಿದರೆ 5,000. ನಾವು ವಿಚಾರಿಸಿದ ಕಡೆ ಹೊಸ ಗ್ಯಾಸಿನ ರಿಕ್ಷಾಕ್ಕಿಂತ ಇದಕ್ಕೆ ಸುಮಾರು ಒಂದು ಲಕ್ಷ ಹೆಚ್ಚು. ಅದು 20 ತಿಂಗಳಲ್ಲಿ ತೀರುತ್ತದೆ. ಕಾರಿಗೆ 20 ವರ್ಷ, ರಿಕ್ಷಾಕ್ಕೆ 20 ತಿಂಗಳು. ತಪ್ಪಿರಬಹುದೆಂದು ಮತ್ತೆ ಮಾಡಿದೆ, ಅದೇ ಬಂತು. ದಿನವಿಡೀ ಓಡುವ ಬಸ್ಸಿಗೂ ಇದೇ ನ್ಯಾಯ. ಬೆಂಗಳೂರಿನಲ್ಲಿ ಬಿಎಂಟಿಸಿ ಸಾವಿರಕ್ಕೂ ಹೆಚ್ಚು ವಿದ್ಯುತ್ ಬಸ್ಸುಗಳನ್ನು ಓಡಿಸುತ್ತಿರುವುದು ಸುಮ್ಮನೆ ಅಲ್ಲ. ನಮ್ಮ ಊರಿಗೂ ಅವು ಬಂದರೆ ಸ್ಟ್ಯಾಂಡಿನಲ್ಲಿ ಡೀಸೆಲ್ ಹೊಗೆಗೆ ಶಾಲಿನಿಂದ ಮೂಗು ಮುಚ್ಚಿಕೊಂಡು ನಿಲ್ಲುವುದು ತಪ್ಪುತ್ತದೆ.

ಉಪ್ಪನಿಗೆ ಲೆಕ್ಕ ಒಪ್ಪಿಗೆಯಾಯಿತು, ಆದರೆ ಅವರ ಪ್ರಶ್ನೆಗಳು ನನ್ನ ನೋಟ್‌ಬುಕ್ಕಿನಲ್ಲಿ ಇರಲಿಲ್ಲ. ಮೊದಲನೆಯದು ಸ್ಟ್ಯಾಂಡಿನ ಜಗಳ. 2018ರಲ್ಲಿ ಕೇಂದ್ರ ಸರಕಾರ ಬ್ಯಾಟರಿ ವಾಹನಗಳಿಗೆ ಪರ್ಮಿಟ್‌ನಿಂದ ವಿನಾಯಿತಿ ಕೊಟ್ಟಿತು. ವರ್ಷಗಟ್ಟಲೆ ಪರ್ಮಿಟ್ ಇಟ್ಟುಕೊಂಡು ಒಂದೇ ಕಡೆ ದುಡಿದವರಿಗೆ, ಹಸಿರು ಬೋರ್ಡಿನ ರಿಕ್ಷಾಗಳು ಎಲ್ಲಿ ಬೇಕಾದರೂ ಬಾಡಿಗೆ ಹತ್ತಿಸಿಕೊಳ್ಳುವುದು ಕಂಡರೆ ಸಿಟ್ಟು ಬರುವುದು ಸಹಜ. "ಇಪ್ಪತ್ತೆರಡು ವರ್ಷ ಅವರೊಟ್ಟಿಗೆ ಚಹಾ ಕುಡಿದಿದ್ದೇನೆ, ನಾಳೆ ಯಾವ ಮುಖದಲ್ಲಿ ಹಸಿರು ಬೋರ್ಡ್ ಹಾಕಿಕೊಂಡು ಹೋಗಲಿ?" ಎಂದರು. ಎರಡನೆಯದು, ಜುಲೈಯಲ್ಲಿ ಮರ ಬಿದ್ದು ಎರಡು ದಿನ ಕರೆಂಟು ಹೋದರೆ ಆ ಎರಡು ದಿನದ ಅನ್ನ ಎಲ್ಲಿಂದ? ಇದಕ್ಕೂ ನನ್ನಲ್ಲಿ ಸೂತ್ರವಿಲ್ಲ.

ಕೊನೆಗೆ ಅವರು ಸ್ಟ್ಯಾಂಡಿನ ಹಿರಿಯರೊಬ್ಬರ ಬಳಿ ವಿಷಯ ತೆಗೆದರು. ಅವರು ಬೈಯಲಿಲ್ಲ, ಎಷ್ಟು ಮೈಲೇಜ್ ಎಂದು ಕೇಳಿದರಂತೆ. ಅಕ್ಕನನ್ನು ನೋಡಿ ಹೋದವರಿಂದ ಇನ್ನೂ ಉತ್ತರ ಬಂದಿಲ್ಲ. ಅಕ್ಕ ಮಾತ್ರ, "ಅಂಗಳ ನೋಡಿ ಒಪ್ಪುವವರು ನನಗೆ ಬೇಡ" ಎಂದು ಉಮ್ಮನಿಗೆ ಹೇಳಿದ್ದಾಳೆ. ಅಣ್ಣ ಈಗಲೂ ವಾಟ್ಸಾಪಿನಲ್ಲಿ ಕಾರಿನ ಫೋಟೋ ಕಳುಹಿಸುತ್ತಾನೆ, ಮೊದಲಿನಷ್ಟು ಅಲ್ಲ. ಕಳೆದ ಭಾನುವಾರ ಎಲೆಕ್ಟ್ರಿಷಿಯನ್ ಬಂದು ನಮ್ಮ ಜಗಲಿಯ ಗೋಡೆಗೆ 15 ಆಂಪಿಯರ್‌ನ ಒಂದು ಪ್ಲಗ್ ಪಾಯಿಂಟ್ ಹಾಕಿ ಹೋದರು.